ಬಾಗಿಲ ಕನ್ನಡಿಯ ನೀಲಿ ದೀಪ

ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಸಾವಂತ್ರವ್ವನಿಗೆ ಬಾಗಿಲ ಕನ್ನಡಿ ಹಳದಿ ದೀಪ ಹಚ್ಚಿತು. ಎಲ್ಲರ ಮನೆಯಲ್ಲೂ ಇರುವಂಥ ಕನ್ನಡಿಯೇ ಅದು. ನೋಟ, ನಿಲುವು ನೋಡಿ ಬುದ್ಧಿವಂತರಿಗಷ್ಟೇ ನೀಲಿ ದೀಪ ಹಚ್ಚುತ್ತಿತ್ತು, ಉಳಿದವರಿಗೆ ಹಳದಿ. ನೀಲಿ ಹತ್ತಿದವರ ಮಾತೇ ಮನೆಯಲ್ಲಿ ನಡೆಯಬೇಕು. ಇಷ್ಟು ವರ್ಷ ನೀಲಿ ಅವಳದೇ ಆಗಿತ್ತು.

ಒಳಗೆ ಮೊಮ್ಮಗಳು ಚಂಪಾ ಕೂತಿದ್ದಳು. ಅತ್ತು ಅತ್ತು ಅವಳ ಕಣ್ಣುಗಳು ಊದಿಕೊಂಡಿದ್ದವು. ಹೋದ ವಾರ ಅವಳು ಮೆಚ್ಚಿದ ಹುಡುಗನನ್ನು ತಾನು ಬೇಡವೆಂದಾಗ ಮುದುಕಿಗೆ ಪೊರೆಯ ಮಸುಕಿನಲ್ಲಿ ಈ ಮುಖ ಕಂಡಿರಲೇ ಇಲ್ಲ.

"ಕೊಟ್ರೇಶಾ, ನಾನು ತಪ್ಪು ಹೇಳಿದೆ ಕಣೋ. ಮದುವೆ ಮಾಡಿಬಿಡು."

"ಆಗ ನೀಲಿ ಇತ್ತು, ಈಗ ಹಳದಿ ಐತೆ. ಸುಮ್ನಿರವ್ವ," ಎಂದ ಮಗ.

ಸಾವಂತ್ರವ್ವ ಮತ್ತೆ ಕನ್ನಡಿಯ ಮುಂದೆ ಹೋಗಿ, ಪೊರೆಯಿದ್ದಾಗ ನಿಲ್ಲುತ್ತಿದ್ದಂತೆ ಕತ್ತು ವಾಲಿಸಿ, ಕಣ್ಣು ಕಿರಿದು ಮಾಡಿ ನಿಂತಳು. ನೀಲಿ ಹತ್ತಿತು. ಕೊಟ್ರೇಶ ಓಡಿಬಂದು ಕುರ್ಚಿ ಹಾಕಿದ. "ಈಗ ಹೇಳವ್ವ."

ಕಿರಿದಾದ ಕಣ್ಣಿಗೆ ಚಂಪಾಳ ಮುಖ ಬರೀ ಮಸುಕಾಗಿ ಕಂಡಿತು. ನೀಲಿಯವಳೋ, ಹಳದಿಯವಳೋ, ಯಾವ ಸಾವಂತ್ರವ್ವ ಹೇಳಿದ್ದು ಸರಿ? ಅವಳಿಗೆ ಒಂದೂ ತೋಚಲಿಲ್ಲ.

"ಯೋಚನೆ ಮಾಡ್ತಾ ಇದಾಳೆ," ಕೊಟ್ರೇಶ ಭಕ್ತಿಯಿಂದ ಪಿಸುಗುಟ್ಟಿದ. "ಯಾರೂ ಮಾತಾಡಿಸಬೇಡಿ."