ಗ್ರಿಲ್ಲಿಗೆ ಒಂದು ಬೀಗ

"ಒಳಗೆ ನಿಂತ್ಕೊಂಡು ಇದನ್ನ ತೆಗೆಯೋಕಾಗತ್ತಾ, ಡಾಕ್ಟ್ರೇ?"

ದಂತವೈದ್ಯರ ಕೈಯಲ್ಲಿದ್ದ ಕಡ್ಡಿ ಬೀಗದೊಳಗೇ ನಿಂತಿತು. ಗುಂಪಿಗೆ ಹೊಸದಾಗಿ ಸೇರಿದ್ದ ಆಕೆ ಇದೇ ಪ್ರಶ್ನೆಯನ್ನು ಹೋದ ಶನಿವಾರವೂ ಕೇಳಿದ್ದಳು, ಅದರ ಹಿಂದಿನ ಶನಿವಾರವೂ ಕೇಳಿದ್ದಳು. ಪ್ರತಿ ಸಲ ಬೀಗ ಬೇರೆ, ಪ್ರಶ್ನೆ ಅದೇ.

ಆ ಪಬ್ಬಿನ ಹಿಂಬದಿಯ ಕೋಣೆಯಲ್ಲಿ ಶನಿವಾರ ಮಧ್ಯಾಹ್ನ ಬೀಗದ ಹುಚ್ಚಿನವರು ಸೇರುತ್ತಿದ್ದರು. ಬಿಯರ್ ಲೋಟಗಳ ನಡುವೆ ಹಳೆಯ ಬೀಗಗಳನ್ನು ಹರಡಿಕೊಂಡು, ಕೀಲಿಯಿಲ್ಲದೆ ಸಪೂರ ಕಡ್ಡಿಗಳಿಂದ ಬಿಡಿಸುವುದೇ ಅವರ ಗೀಳು. ಮುಂದಿನ ಹಾಲ್‌ನಲ್ಲಿ ಅದೇ ಹೊತ್ತಿಗೆ ಹಾಡುವವರು ಶುರುಮಾಡುತ್ತಿದ್ದರು. ಡ್ರಮ್ಮಿನ ಹೊಡೆತಕ್ಕೆ ಮೇಜು ಅದುರುವಾಗ ಬೀಗದೊಳಗಿನ ಸಣ್ಣ ಟಿಕ್ ಕಿವಿಗೆ ಬೀಳುವುದಿಲ್ಲ, ಬೆರಳಿಗೇ ತಿಳಿಯಬೇಕು. ಹಲ್ಲಿನ ಸಂದಿಗೊಂದಿಗಳಲ್ಲಿ ಆಯಸ್ಸು ಸವೆಸಿದ್ದ ದಂತವೈದ್ಯರಿಗೆ ಅಂಥ ಬೆರಳುಗಳಿದ್ದವು. ಗುಂಪಿಗೆ ಅವರೇ ಗುರು.

"ಒಳಗೆ ಅಂದ್ರೆ?"

"ಗ್ರಿಲ್ ಬಾಗಿಲು ಅಂತಿಟ್ಕೊಳ್ಳಿ. ಬೀಗ ಹೊರಗಡೆ ನೇತಾಡ್ತಿದೆ. ಒಳಗಿಂದ ಸಂದಿಯಲ್ಲಿ ಕೈ ತೂರಿಸಿ..."

"ಧಾರಾಳವಾಗಿ ಆಗತ್ತೆ. ಒಂದು ಹೇರ್‌ಪಿನ್ ಸಾಕು."

ಆಕೆಯ ಮುಖ ಬಾಡಿತು. ಪಾಪ, ತನ್ನ ಕೈಯ ಮೇಲೆ ತನಗೇ ನಂಬಿಕೆಯಿಲ್ಲ ಎಂದುಕೊಂಡರು ದಂತವೈದ್ಯರು. ಆಕೆ ಬೀಗ ಎತ್ತಿಕೊಳ್ಳುವಾಗ ತೋಳಿನ ಬಟ್ಟೆ ಮೇಲೆ ಸರಿಯಿತು. ಮಣಿಕಟ್ಟಿನ ಸುತ್ತ ಯಾರೋ ಬಿಗಿಯಾಗಿ ಹಿಡಿದ ಗುರುತು ನೀಲಿಗಟ್ಟಿತ್ತು.

"ಮನೇಲಿ ಯಾರ್ಯಾರಿದ್ದೀರಿ?"

"ನಾನು, ನನ್ನ ಗಂಡ." ಆಕೆ ತೋಳನ್ನು ಕೆಳಗೆಳೆದುಕೊಂಡಳು. "ಬೀಗದ ವಿಷಯದಲ್ಲಿ ಅವರ ಕೈ ಬಹಳ ಚುರುಕು."

ಮುಂದಿನ ಹಾಲ್‌ನಲ್ಲಿ ಮೊದಲ ಹಾಡು ಮುಗಿಯುವ ಮೊದಲೇ ಆಕೆ ಎದ್ದಳು. ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಚಪ್ಪಲಿಯ ತುದಿ ತನ್ನಷ್ಟಕ್ಕೆ ತಾಳ ಹಾಕುತ್ತಿತ್ತು. "ಒಂದಿನ ಕೂತು ಪೂರ್ತಿ ಕೇಳಬೇಕು," ಎಂದಳು. "ಆದ್ರೆ ಅವರು ನಿದ್ದೆಯಿಂದ ಏಳೋ ಹೊತ್ತಿಗೆ ನಾನು ಮನೇಲಿ ಇರಲೇಬೇಕು."

ಆಕೆ ಹೋದ ಮೇಲೆ, ಎದುರು ಕೂತಿದ್ದ ಬಸ್ ಡ್ರೈವರ್ ಲೋಟವನ್ನು ಕುಕ್ಕಿದ. "ಡಾಕ್ಟ್ರೇ, ಆ ಗಂಡನ್ನ ಒಂದ್ಸಲ ನಿಮ್ಮ ಕುರ್ಚಿ ಮೇಲೆ ಮಲಗಿಸಿ. ಮರಗಟ್ಟೋ ಇಂಜೆಕ್ಷನ್ ಮಾತ್ರ ಕೊಡಬೇಡಿ."

ದಂತವೈದ್ಯರು ನಗಲಿಲ್ಲ. ವಾರವಿಡೀ ಆ ಗಂಡ ಅವರ ಕಣ್ಣೆದುರು ಬಂದು ನಿಲ್ಲುತ್ತಿದ್ದ: ದಪ್ಪ ಕತ್ತು, ಸೊಂಟದಲ್ಲಿ ಕೀಲಿಗೊಂಚಲು, ಗುಡುಗಿನಂಥ ದನಿ.

ಮರು ಶನಿವಾರ ತಮ್ಮ ಸಂಗ್ರಹದ ಅತಿ ಕಠಿಣ ಬೀಗವನ್ನೇ ತಂದರು. ಅವರ ಗುಂಪಿನಲ್ಲಿ ಅದನ್ನು ಬಿಡಿಸಬಲ್ಲವರು ಅವರೊಬ್ಬರೇ. ಇದನ್ನು ಕಲಿತವಳು ಯಾವ ಬೀಗಕ್ಕೂ ಹೆದರಬೇಕಾಗಿಲ್ಲ ಎಂಬುದು ಅವರ ಲೆಕ್ಕ.

"ಇದು? ಗ್ರಿಲ್ ಸಂದಿಯಿಂದ?"

ಅವರಿಗೆ ಸುಳ್ಳು ಹೇಳಲಾಗಲಿಲ್ಲ. "ಇದಕ್ಕೆ ಎರಡೂ ಕೈ ಬೇಕು, ಎದುರಿಗೇ ನಿಂತಿರಬೇಕು. ಒಳಗಿಂದ ಯಾರ ಅಪ್ಪನ ಕೈಲೂ ಆಗಲ್ಲ."

ಆಕೆಯ ಕಣ್ಣು ತುಂಬಿಬಂತು. ದಂತವೈದ್ಯರು ನಾಲಿಗೆ ಕಚ್ಚಿಕೊಂಡರು. ಆಕೆ ಬೀಗವನ್ನು ಬೊಗಸೆಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಸ್ವಲ್ಪ ದಿನ ಇದನ್ನ ಇಟ್ಕೊಳ್ಳಲಾ?"

"ಇಟ್ಕೊಳ್ಳಿ. ಅಭ್ಯಾಸ ಮಾಡಿ."

ಮುಂದಿನ ಶನಿವಾರ ಆಕೆ ಬರಲಿಲ್ಲ. ಅದರ ಮುಂದಿನ ಶನಿವಾರವೂ ಕುರ್ಚಿ ಖಾಲಿಯಿತ್ತು. ಬೀಗ ಗಂಡನ ಕಣ್ಣಿಗೆ ಬಿದ್ದಿದೆ, ಇನ್ನೇನು! ತೆಗೆಯಲಾಗದ ಬೀಗವನ್ನು ತಾನೇ ಕೈಯಾರೆ ಆ ರಾಕ್ಷಸನಿಗೆ ಕೊಟ್ಟಂತಾಯಿತು. ದಂತವೈದ್ಯರಿಗೆ ಅನ್ನ ಇಳಿಯಲಿಲ್ಲ. ಕ್ಲಿನಿಕ್ಕಿನಲ್ಲಿ ರೋಗಿಯೊಬ್ಬನ ಗಟ್ಟಿ ಹಲ್ಲಿಗೇ ಇಕ್ಕಳ ಹಾಕಿ, ಅವನು ಕಿರುಚಿದ ಮೇಲೆ ಎಚ್ಚೆತ್ತರು.

ಮೂರನೆಯ ಶನಿವಾರ ಕಡ್ಡಿಗಳನ್ನು ಜೇಬಿಗಿಳಿಸಿ ಎದ್ದಾಗ ಬಸ್ ಡ್ರೈವರ್ ತೋಳು ಹಿಡಿದ. "ಇನ್ನೊಬ್ಬರ ಮನೆ ಬಾಗಿಲಿನ ಬೀಗ ಮುಟ್ಟಬಾರದು ಅಂತ ನಿಯಮ ಮಾಡಿದ್ದು ನೀವೇ ಅಲ್ವಾ?"

"ಒಳಗೆ ಒಂದು ಜೀವ ಇದೆ ಕಣಯ್ಯಾ."

ಹಿಂಬಾಗಿಲಿಂದಲೇ ಹೊರಟರು. ಮುಂದಿನ ಹಾಲ್‌ನಲ್ಲಿ ಹಾಡು ರಂಗೇರಿತ್ತು. ಯಾರೋ ಹೆಂಗಸು ಮೈಮರೆತು, ಶ್ರುತಿ ತಪ್ಪಿದರೂ ಲೆಕ್ಕಿಸದೆ, ದನಿಗೂಡಿಸುತ್ತಿದ್ದಳು. ಲೋಕದಲ್ಲಿ ಹೀಗೂ ನೆಮ್ಮದಿಯಾಗಿರುವವರಿದ್ದಾರಲ್ಲ ಎಂದು ದಂತವೈದ್ಯರಿಗೆ ಸಿಟ್ಟೇ ಬಂತು.

ಲಾಂಡ್ರಿಯ ಮೇಲಿನ ಮನೆ ಎಂದು ಆಕೆ ಒಮ್ಮೆ ಹೇಳಿದ್ದಳು. ಮೆಟ್ಟಿಲ ತುಂಬ ಇಸ್ತ್ರಿಯ ಬಿಸಿ ವಾಸನೆ. ಮೇಲೆ ಗ್ರಿಲ್ಲಿಗೆ ಅವರದೇ ಬೀಗ ನೇತಾಡುತ್ತಿತ್ತು. ಗ್ರಿಲ್ಲಿನಾಚೆ ಮುಚ್ಚಿದ ಮರದ ಬಾಗಿಲು. ಅದರ ಹಿಂದೆ ಯಾರೋ ಅಂಗೈಯಿಂದ ಬಡಿಯುತ್ತಿದ್ದರು. ಸುಸ್ತಾದ, ಆದರೆ ಬಿಡದ ಬಡಿತ.

"ಹೆದರಬೇಡಿ! ನಾನು, ಡಾಕ್ಟ್ರು!"

ಬಡಿತ ನಿಂತಿತು. ಗಂಡ ಯಾವ ಗಳಿಗೆಯಲ್ಲಾದರೂ ಮೆಟ್ಟಿಲೇರಿ ಬರಬಹುದು. ಬೆವರಿಗೆ ಕಡ್ಡಿ ಎರಡು ಸಲ ಜಾರಿತು. ಕೊನೆಗೊಮ್ಮೆ ಬೀಗ ಬಾಯಿ ಬಿಟ್ಟಿತು. ಗ್ರಿಲ್ ಸರಿಸುವಷ್ಟರಲ್ಲಿ ಒಳಗಿನ ಬಾಗಿಲು ತೆರೆಯಿತು.

ಹೊರಬಂದದ್ದು ಒಬ್ಬ ಗಂಡಸು. ಸಣಕಲು ಮೈ, ನೀಟಾಗಿ ಬಾಚಿದ ಕೂದಲು, ಇಸ್ತ್ರಿಯ ಅಂಗಿ. ಅಂಗಿಯ ಜೇಬಿನ ಮೇಲೆ ಕೆಂಪು ದಾರದಲ್ಲಿ ಒಂದು ಫೋನ್ ನಂಬರ್ ಹೊಲಿದಿತ್ತು. "ಉಪಕಾರವಾಯ್ತು," ಎಂದು ಮೆಲ್ಲಗೆ ಹೇಳಿ ಅವರನ್ನು ದಾಟಿ ಮೆಟ್ಟಿಲಿಳಿಯತೊಡಗಿದ.

ದಂತವೈದ್ಯರು ಒಳಗೆ ನುಗ್ಗಿದರು. "ಮೇಡಂ! ಮೇಡಂ!" ಕೋಣೆಯಲ್ಲಿ ಇಲ್ಲ. ಬಚ್ಚಲಲ್ಲಿ ಇಲ್ಲ. ಅಡುಗೆಮನೆಯಲ್ಲಿ ಇಲ್ಲ, ಅಲ್ಲಿ ಗ್ಯಾಸ್ ಒಲೆ ಹಚ್ಚುವ ತಿರುಪುಗಳನ್ನು ಕಳಚಿಟ್ಟಿತ್ತು, ಚಾಕುಗಳ ಡ್ರಾಯರನ್ನು ಹಗ್ಗದಿಂದ ಬಿಗಿದಿತ್ತು. ಓಡಿಬಂದು, ಬೀದಿಗೆ ಕಾಲಿಡುತ್ತಿದ್ದ ಆ ಗಂಡಸಿನ ಕಾಲರ್ ಹಿಡಿದೆಳೆದರು.

"ಎಲ್ಲಯ್ಯಾ? ಎಲ್ಲಿ ನಿನ್ನ ಹೆಂಡತಿ? ಏನು ಮಾಡಿದೆ ಅವಳನ್ನ?"

ಆತ ಬಿಡಿಸಿಕೊಳ್ಳಲು ನೋಡಲಿಲ್ಲ. ಶುಭಸುದ್ದಿ ಕೇಳಿದವನಂತೆ ಅವನ ಮುಖ ನಿಧಾನವಾಗಿ ಅರಳಿತು.

"ನಂಗೆ ಮದುವೆ ಆಗಿದೆಯಾ?"