ನಡುವಿನ ಸ್ಪೀಕರ್

"ಇದೂ ಬೇಡ. ಈ ಮನುಷ್ಯ ಕೊಡದೊಳಗೆ ಬಾಯಿಟ್ಟು ಮಾತಾಡ್ತಿದ್ದಾನೆ. ಮುಂದಿನದು ಹಾಕಿ."

ಅಂಗಡಿಯವನು ನಾಲ್ಕನೆಯ ಸ್ಪೀಕರ್‌ನ ತಂತಿ ಕಿತ್ತು ಐದನೆಯದಕ್ಕೆ ಸಿಕ್ಕಿಸಿದ. ಮಗ ನಿಟ್ಟುಸಿರು ಬಿಟ್ಟ. ತಾಯಿ ಮಾತ್ರ ಕುರ್ಚಿಯ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ, ಬಾಯಿಪಾಠ ಒಪ್ಪಿಸಿಕೊಳ್ಳುವ ಮೇಷ್ಟರ ಹಾಗೆ ಕೂತಿದ್ದಳು.

"ಅಮ್ಮಂಗೆ ಕಿವಿ..." ಎಂದು ಅಂಗಡಿಯವನು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದ. ಉಳಿದದ್ದನ್ನು ಮಗನಿಗೆ ಕೈಸನ್ನೆಯಲ್ಲಿ ಹೇಳಿರಬೇಕು.

"ಕಿವಿ ಚೆನ್ನಾಗೇ ಇದೆ," ಎಂದಳು ತಾಯಿ. "ನಿಮ್ಮ ಫ್ಯಾನಿನ ಬೇರಿಂಗ್ ಸವೆದಿದೆ. ಮೊದಲು ಅದಕ್ಕೆ ಎಣ್ಣೆ ಬಿಡಿ."

ಜಗಳದ ಮೂಲ ಮಗನ ಜಾಣತನ. ಹೋದ ವರ್ಷ ಆಳೆತ್ತರದ ಎರಡು ಸ್ಪೀಕರ್ ತಂದು ಟಿವಿಯ ಅಕ್ಕಪಕ್ಕ ನಿಲ್ಲಿಸಿದ್ದ. ಸಿನಿಮಾದ ಮಾತೆಲ್ಲ ಬರುವುದು ನಡುವಿನ ಸ್ಪೀಕರ್‌ನಿಂದ ಎಂದು ಯಾರೋ ಹೇಳಿದರೂ, "ಅದು ದಂಡ" ಎಂದು ಬಿಟ್ಟುಬಂದಿದ್ದ. ಅಂದಿನಿಂದ ತಾಯಿಗೆ ಕೇಳುವುದು ಬರೀ ಸಂಗೀತ, ಗುಂಡಿನ ಸದ್ದು, ನಡುನಡುವೆ ಗೊಣಗಾಟ. ಎಲ್ಲರೂ ನಗುವಾಗ ಅವಳೊಬ್ಬಳು, "ಏನಂದ? ಏನಂದ?"

"ನಮಗೆಲ್ಲ ಕೇಳಿಸತ್ತಲ್ಲಮ್ಮ," ಎನ್ನುತ್ತಿದ್ದ ಮಗ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ಡೊಂಕಿದ್ರೆ ಡೊಂಕು ಅಂತಲೇ ಅನ್ನಬೇಕು," ಎನ್ನುತ್ತಿದ್ದಳು ತಾಯಿ.

ಮಾತು ಅಲ್ಲಿಗೇ ನಿಂತಿದ್ದರೆ ಅವಳೂ ಸುಮ್ಮನಿರುತ್ತಿದ್ದಳೇನೋ. ಆದರೆ ಅವಳದು ಆಸ್ಪತ್ರೆಯ ಟೆಲಿಫೋನ್ ಮೇಜಿನ ಕೆಲಸ. ಇಪ್ಪತ್ತೊಂಬತ್ತು ವರ್ಷ. ಅಲ್ಲಿ ಎಲ್ಲರ ಬಾಯಲ್ಲೂ ಅವಳು 'ಎಕ್ಸ್‌ಚೇಂಜ್ ಅಮ್ಮ'. "ಯಾರೋ ಉಸಿರು ಕಟ್ಟಿ ಫೋನ್ ಮಾಡ್ತಾರೆ. ನೀನು ತಪ್ಪಾಗಿ ಕೇಳಿಸ್ಕೊಂಡು ಬೇರೆ ವಾರ್ಡಿಗೆ ಕೊಟ್ರೆ?" ಎಂದ ಮಗ. ರಾಜೀನಾಮೆ ಪತ್ರವನ್ನೂ ತಾನೇ ಬರೆದು ಅವಳಿಗೆ ಓದಿ ಹೇಳಿದ. ಅವಳಿಗೆ ಮೈಯೆಲ್ಲ ಉರಿಯಿತು. ಜೊತೆಗೆ, ಇವನು ಹೇಳುವುದೇ ನಿಜವಾಗಿದ್ದರೆ ಎಂಬ ಅಂಜಿಕೆಯೂ ಹೊಕ್ಕಿತು. ಒಳಗಿನ ಅಂಜಿಕೆಯನ್ನು ನುಂಗಿಕೊಂಡು ಪಂಥ ಕಟ್ಟಿದಳು. ನಡುವಿನ ಸ್ಪೀಕರ್ ತರೋಣ, ಎಲ್ಲರ ಮುಂದೆ ಪರೀಕ್ಷೆಯಾಗಲಿ, ಸೋತರೆ ಸಹಿ.

ಐದನೆಯದು ಉದ್ದನೆಯ, ದುಬಾರಿ ಪೆಟ್ಟಿಗೆ. ನೇರ ಕೂತಾಗ ಮಾತು ಸ್ಪಷ್ಟ. ತಾಯಿ ಎದ್ದು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದಳು. "ಇಲ್ಲಿಗೆ ಬಂದ್ರೆ ಮಾತು ಸೊರಗತ್ತೆ. ನಾನು ಮನೇಲಿ ಕೂರೋದು ಮೂಲೇಲಿ. ಬೇಡ."

ಆರನೆಯದು ಪುಟ್ಟದು. ಯಾರೋ ಹೆಂಗಸು ಪಿಸುಗುಟ್ಟಿದಳು.

"'ಬಾಗಿಲು ಹಾಕಿದ್ದೀಯಾ' ಅಂದಳು," ಎಂದಳು ತಾಯಿ. "ಅದಕ್ಕೆ ಮೊದಲು ಎಂಜಲು ನುಂಗಿದಳು. ಇದನ್ನೇ ಕಟ್ಟಿಕೊಡಿ."

ಅಂಗಡಿಯವನು ಮಗನ ಕಡೆ ತಿರುಗಿದ. "ಅಮ್ಮಂಗೆ ಯಾವ ಬಣ್ಣದ್ದು ಬೇಕಂತೆ ಸರ್?"

"ಅಮ್ಮನ್ನೇ ಕೇಳಿ," ಎಂದಳು ತಾಯಿ. "ಯಾವ ಬಣ್ಣ ಆದ್ರೇನು? ನಂಗೆ ಬೇಕಿರೋದು ಮಾತು."

ಮನೆಗೆ ಬಂದರೆ ಮಗ ಪೆಟ್ಟಿಗೆ ಬಿಚ್ಚಲಿಲ್ಲ. "ಮೊದಲು ಹಳೇದರಲ್ಲೇ ಪರೀಕ್ಷೆ. ತಪ್ಪು ಸ್ಪೀಕರ್‌ದೋ ಕಿವಿದೋ, ಇತ್ಯರ್ಥ ಆಗ್ಲಿ."

"ಆಗಲಿ," ಎಂದಳು ತಾಯಿ.

ಸಿನಿಮಾ ಓಡಿತು, ನಿಂತಿತು. ಮಗ ಅದರ ಮಾತನ್ನು ಹಾಗೇ ಹೇಳಿದ. ಮುಂದಿನ ತುಣುಕನ್ನು ಸೊಸೆ ಒಂದಕ್ಷರ ಬಿಡದೆ ಒಪ್ಪಿಸಿದಳು. ತಾಯಿಗೆ ಕೇಳಿದ್ದು ಪಿಟೀಲು, ಅದರಡಿಯಲ್ಲೊಂದು ಗೊಣಗಾಟ. ಇನ್ನೊಮ್ಮೆ ಹಾಕಿಸಿದಳು. ಅದೇ ಪಿಟೀಲು.

ಮಗ ಪೆನ್ನು ತಂದು ಅವಳ ಬೆರಳುಗಳ ನಡುವೆ ಇಟ್ಟು, ಕೈಯನ್ನು ಕಾಗದದ ಮೇಲಿರಿಸಿದ. "ಇಲ್ಲಿ, ಅಮ್ಮ," ಎಂದ. ಅವನ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ.

"ನಂಗೂ ಕೇಳಿಸ್ಲಿಲ್ಲ ಅಜ್ಜಿ," ಎಂದಳು ತಾಯಿಯ ತೊಡೆಯ ಮೇಲಿದ್ದ ಮೊಮ್ಮಗಳು.

"ಇವಳು ಯಾವಾಗ್ಲೂ ಅಜ್ಜಿ ಪಕ್ಷ," ಎಂದು ಸೊಸೆ ನಕ್ಕಳು.

ತಾಯಿ ನಗಲಿಲ್ಲ. ಮುಂದಿನ ವರ್ಷ ಶಾಲೆಗೆ ಸೇರಬೇಕಾದ ಕೂಸು ಇದು. ಅಡುಗೆಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಸರಕ್ಕೆಂದರೆ ಮಹಡಿಯಿಂದ ಓಡಿಬರುವ ಕಿವಿ. ಅದಕ್ಕೂ ಕೇಳಿಸಲಿಲ್ಲವೆಂದರೆ? ಅವಳು ಪೆನ್ನನ್ನು ಕೆಳಗಿಟ್ಟಳು.

"ಇಬ್ಬರೂ ಟಿವಿಗೆ ಬೆನ್ನು ಹಾಕಿ ಕೂತ್ಕೊಳ್ಳಿ."

"ಯಾಕತ್ತೆ?"

"ನಂಗೆ ಅದರ ಕಡೆ ಮುಖ ಇದ್ರೂ ಒಂದೇ, ಬೆನ್ನಿದ್ರೂ ಒಂದೇ. ನಿಮಗೂ ಹಾಗೇನಾ ಅಂತ ತಿಳ್ಕೋಬೇಕು. ತಿರುಗಿ."

ಕುರ್ಚಿಗಳು ಸರಿದವು. ಸಿನಿಮಾ ಓಡಿತು, ನಿಂತಿತು.

"ಹೇಳಪ್ಪಾ ಮಗನೇ. ಏನಂದಳು?"

ಮಗನ ಕುರ್ಚಿ ಕಿರುಗುಟ್ಟಿತು.

"ನೀನು ಹೇಳಮ್ಮ."

"ಬಂಡಿ... ಬಂಡಿ ಅಂದಳೇನೋ ಅತ್ತೆ. ಇಲ್ಲ, ತಂಗಿ ಇರ್ಬೇಕು."

"ಇನ್ನೊಂದ್ಸಲ ಹಾಕು," ಎಂದ ಮಗ. ಹಾಕಿದರು. ಮತ್ತೆ ಹಾಕಿದರು. ಪಿಟೀಲು ಮಾತ್ರ ಸೊಗಸಾಗಿ ಕೇಳಿಸಿತು.

ತಾಯಿ ರಾಜೀನಾಮೆಯನ್ನು ನಿಧಾನವಾಗಿ ಎರಡಾಗಿ ಹರಿದು, ಎರಡನ್ನು ನಾಲ್ಕು ಮಾಡಿ ಮಗನ ಕೈಗೆ ತುರುಕಿದಳು. "ನೀವು ಇಷ್ಟು ದಿನ ಕೇಳಿದ್ದು ಕಿವಿಯಿಂದ ಅಲ್ಲ. ಯಾತರಿಂದ ಅಂತ ನೀವೇ ಹುಡುಕಿ. ನಾಳೆ ಬೆಳಗಿನ ಪಾಳಿ ನಂದು. ಹೊರಡೋಕೆ ಮುಂಚೆ ಆ ಪುಟ್ಟ ಸ್ಪೀಕರ್ ಮಾತಾಡ್ತಿರಬೇಕು."

ಮಗ ಟಿವಿಯ ಕಡೆ ತಿರುಗಿದ. ತೊಟ್ಟಿಲ ಕೂಸಿಗೆ ಎಚ್ಚರವಾಗದಿರಲೆಂದು ನಾಲ್ಕು ವರ್ಷದ ಹಿಂದೆ ಸದ್ದು ತಗ್ಗಿಸಿ, ತಾನೇ ಹಾಕಿ ಮರೆತಿದ್ದ ಸಬ್‌ಟೈಟಲ್ ಅಕ್ಷರಗಳು, ಪಾತ್ರಗಳು ಆಡಿದ ಮಾತನ್ನೆಲ್ಲ ಬರೆದು ತೋರಿಸುತ್ತ, ತೆರೆಯ ಕೆಳತುದಿಯಲ್ಲಿ ಇನ್ನೂ ಓಡುತ್ತಲೇ ಇದ್ದವು. ಮನೆಯಲ್ಲಿ ಅವನ್ನು ಓದಲಾಗದವರು ಇಬ್ಬರೇ, ಅಕ್ಷರ ಕಲಿಯದ ಮಗಳು ಮತ್ತು ಹುಟ್ಟಿನಿಂದಲೇ ಕಣ್ಣು ಕಾಣದ ಅಮ್ಮ.