ಪಕ್ಕೆಯ ನೀಲಿ ಪಟ್ಟಿ

ಒದ್ದೆ ಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ ಹಬೆಯ ವಾಸನೆ ಬಂದರೆ ಸಾಕು, ಇಂದಿಗೂ ನನ್ನ ಮೊಣಕೈಗಳು ತಾವಾಗಿಯೇ ಪಕ್ಕೆಗೆ ಅಂಟಿಕೊಳ್ಳುತ್ತವೆ.

ನಾನಾಗ ಏಳನೇ ಕ್ಲಾಸು. ತಿಲಕ್ ನಗರದ ನಮ್ಮ ಬಾಡಿಗೆ ಮನೆಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಅಮ್ಮ ನನ್ನ ಯೂನಿಫಾರ್ಮಿನ ಅಂಗಿಯನ್ನು ಉಲ್ಟಾ ಮಾಡಿಕೊಂಡು, ಎರಡೂ ಪಕ್ಕದ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚುತ್ತಿದ್ದಳು. ಎದೆಯ ಹತ್ತಿರ ಗುಂಡಿ ಬಿಗಿಯಾಗುತ್ತಿರುವುದು ನನಗಿಂತ ಮೊದಲು ಅಜ್ಜಿಯ ಕಣ್ಣಿಗೆ ಬಿದ್ದಿತ್ತು. ಅಪ್ಪ ಹೊರಗಿನ ಕೋಣೆಯಲ್ಲಿ ಟೀವಿ ನೋಡುತ್ತಿದ್ದರು. ಅವರು ಮನೆಯಲ್ಲಿದ್ದಾಗ ನಮ್ಮ ರೂಮಿನ ಬಾಗಿಲು ಹಾಕಿದ್ದು ಅದೇ ಮೊದಲು.

"ಹೊಸದು ತರ್ಬೋದಲ್ವಾ?" ಎಂದೆ.

"ವರ್ಷ ಮುಗೀತಾ ಬಂತು. ಒಳಗೆ ಬೇಕಾದಷ್ಟು ಬಟ್ಟೆ ಬಿಟ್ಟಿದ್ದಾರೆ," ಎಂದಳು ಅಮ್ಮ.

ಮತ್ತೆ ಹೊಲಿದು, ನೀರು ಚಿಮುಕಿಸಿ ಇಸ್ತ್ರಿ ಮಾಡಿ ತೊಡಿಸಿದಳು. ಅಂಗಿ ಸಡಿಲವೇನೋ ಆಗಿತ್ತು. ಆದರೆ ಬಿಸಿಲಿಗೆ ಮಾಸಿದ ತಿಳಿನೀಲಿಯ ನಡುವೆ, ಅಷ್ಟು ದಿನ ಒಳಗೆ ಮಡಚಿಕೊಂಡಿದ್ದ ಬಟ್ಟೆ ಕಂಕುಳಿಂದ ಸೊಂಟದವರೆಗೆ ಎರಡು ಕಡುನೀಲಿ ಪಟ್ಟಿಗಳಾಗಿ ಎದ್ದು ಕಾಣುತ್ತಿತ್ತು. ನಾನೆಷ್ಟು ಬೆಳೆದಿದ್ದೇನೆಂದು ಯಾರು ಬೇಕಾದರೂ ಸ್ಕೇಲಿಟ್ಟು ಅಳೆಯಬಹುದಿತ್ತು.

ನಾನು ಅಳತೊಡಗಿದೆ. ಅಜ್ಜಿ ನನ್ನ ಎರಡೂ ತೋಳು ಹಿಡಿದು ಮೆಲ್ಲಗೆ ಕೆಳಗೆ ಒತ್ತಿದರು.

"ಕೈ ಹಿಂಗಿಟ್ಕೊಂಡ್ರೆ ಯಾರಿಗೂ ಕಾಣಲ್ಲ ಕಣೇ. ಹಿಂಗೇ ಇಟ್ಕೋ."

ಮರುದಿನ ಗಣಿತದ ಮೇಡಂ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದು, ಯಾರಿಗೆ ಗೊತ್ತು ಎಂದು ಕೇಳಿದರು. ಕ್ಲಾಸಿನಲ್ಲಿ ಒಂದು ಕೈಯೂ ಏಳಲಿಲ್ಲ. ಮೇಡಂ ಎಂದಿನಂತೆ ನನ್ನ ಕಡೆ ತಿರುಗಿ ಕಾದರು.

ಉತ್ತರ ನನಗೆ ಗೊತ್ತಿತ್ತು. ಅಜ್ಜಿ ಹೇಳಿದ ಹಾಗೆಯೇ ಕೂತಿದ್ದೆ.